ಹವಳದ ದಿಬ್ಬ ಮತ್ತು ಗಿರ್ಮಿಟ್

ಹುಬ್ಬಳ್ಳಿ-ಧಾರವಾಡದ ಕಡೆಯವರಿಗೆ ಗಿರ್ಮಿಟ್ ಅಂದರೆ ಸಂಜೆಯ ತಿಂಡಿ. ಚುರುಮುರಿಗೆ ಉಳ್ಳಾಗಡ್ಡಿಯ ಒಗ್ಗರಣೆ, ಹುಣಸೆ-ಬೆಲ್ಲದ ಹುಳಿ, ಮೇಲೆ ಪುಟಾಣಿ ಹಿಟ್ಟು, ಪಕ್ಕದಲ್ಲೊಂದು ಮಿರ್ಚಿ ಭಜಿ. ಪುಣೆಗೆ ಬಂದು ಹದಿನಾಲ್ಕು ವರ್ಷವಾದರೂ ಆ ಪದ ಕಿವಿಗೆ ಬಿದ್ದರೆ ನನ್ನ ಬಾಯಲ್ಲಿ ನೀರೂರುತ್ತದೆ. ಅದೇ ಸದ್ದಿನ ಪದವನ್ನು ಪೆಸಿಫಿಕ್ ಸಾಗರದ ನಡುವೆ, ಫಿಜಿಯಲ್ಲಿ, ಕೇಳಿದೆ. ಅಲ್ಲಿ ಅದರ ಅರ್ಥ ಬೇರೆ. 'ಅಗ್ರಿಮೆಂಟ್' ಎಂಬ ಇಂಗ್ಲಿಷ್ ಪದ ಉತ್ತರ ಹಿಂದೂಸ್ಥಾನದ ರೈತರ ಬಾಯಲ್ಲಿ ಸವೆದು 'ಗಿರ್ಮಿಟ್' ಆಯಿತು. ಆ ಕರಾರಿಗೆ ಹೆಬ್ಬೆಟ್ಟು ಒತ್ತಿ ಹಡಗು ಹತ್ತಿದವರು 'ಗಿರ್ಮಿಟಿಯಾ'ಗಳಾದರು. 1879ರಿಂದ 1916ರವರೆಗೆ ಹೀಗೆ ಹೋದವರು 60 ಸಾವಿರಕ್ಕೂ ಹೆಚ್ಚು ಜನ.

ನಾನು ಹೋಗಿದ್ದು ಇತಿಹಾಸ ಹುಡುಕಿಕೊಂಡಲ್ಲ, ಡೈವಿಂಗ್‌ಗೆ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ನೀರಿಗಿಳಿಯಲು ಕಲಿತವನಿಗೆ ಫಿಜಿ ಬಹಳ ದಿನದ ಆಸೆ. ಸುಮಾರು 330 ದ್ವೀಪಗಳ ಸರಮಾಲೆ ಅದು, ಜನವಸತಿ ಇರುವುದು ಅದರ ಮೂರನೇ ಒಂದು ಭಾಗದಲ್ಲಿ ಮಾತ್ರ. ಪ್ರವಾಸಿ ಕೈಪಿಡಿಗಳು ಅದನ್ನು ಮೃದು ಹವಳಗಳ ರಾಜಧಾನಿ ಎನ್ನುತ್ತವೆ. ಮಾಮನುಥಾ, ಯಸಾವಾ ದ್ವೀಪಗಳ ಬಿಳಿ ಮರಳನ್ನು ನೀವೂ ಸಿನಿಮಾಗಳಲ್ಲಿ ನೋಡಿರುತ್ತೀರಿ. ಟಾಮ್ ಹ್ಯಾಂಕ್ಸ್ ಒಂಟಿಯಾಗಿ ಬದುಕುವ 'ಕಾಸ್ಟ್ ಅವೇ' ಚಿತ್ರೀಕರಣವಾದದ್ದು ಅಲ್ಲಿನ ಮೊನುರಿಕಿ ಎಂಬ ಪುಟ್ಟ ದ್ವೀಪದಲ್ಲಿ.

ಹೆಸರುಗಳ ಬಗ್ಗೆ ಒಂದು ಮಾತು. ಫಿಜಿಯ ಭಾಷೆಗೆ ರೋಮನ್ ಲಿಪಿ ಹೊಂದಿಸಿದ ಪಾದ್ರಿಗಳು 'ಡಿ' ಅಕ್ಷರಕ್ಕೆ 'ನ್ದ' ಎಂಬ ಉಚ್ಚಾರ ಕೊಟ್ಟರು. 'ಬಿ' ಅಂದರೆ 'ಮ್ಬ', 'ಸಿ' ಅಂದರೆ 'ಥ', 'ಕ್ಯೂ' ಅಂದರೆ 'ಙ್ಗ'. ಹಾಗಾಗಿ ನಕಾಶೆಯಲ್ಲಿ 'ನಾಡಿ' ಎಂದು ಓದುವ ಊರನ್ನು ಜನ ಕರೆಯುವುದು 'ನಂದಿ' ಎಂದು. ವಿಮಾನ ಇಳಿಯುವುದೇ ನಂದಿಯಲ್ಲಿ. ಚಿಕ್ಕಬಳ್ಳಾಪುರದ ಬೆಟ್ಟಕ್ಕೂ ಇದಕ್ಕೂ ಸಂಬಂಧವಿಲ್ಲ, ಆದರೂ ಕನ್ನಡದ ಕಿವಿಗೆ ಒಂದು ಕ್ಷಣ ಹಿತವೆನಿಸುತ್ತದೆ.

ಗಂಧದಿಂದ ಕಬ್ಬಿನವರೆಗೆ

ಯುರೋಪಿಯನ್ನರಿಗೆ ಫಿಜಿ ಬಹಳ ಕಾಲ ದೂರದಿಂದ ನೋಡುವ ನೆಲವಾಗಿತ್ತು. ಡಚ್ ನಾವಿಕ ಟಾಸ್ಮನ್ 1643ರಲ್ಲಿ ಇಲ್ಲಿಯ ದಿಬ್ಬಗಳ ನಡುವೆ ಸಿಕ್ಕಿ ಹೇಗೋ ಪಾರಾದ. 1789ರಲ್ಲಿ 'ಬೌಂಟಿ' ಹಡಗಿನ ದಂಗೆಕೋರರು ಸಣ್ಣ ದೋಣಿಗೆ ಇಳಿಸಿ ಬಿಟ್ಟ ಕ್ಯಾಪ್ಟನ್ ಬ್ಲೈ ಈ ದ್ವೀಪಗಳ ನಡುವೆಯೇ ಹಾದುಹೋದ. ಎರಡು ದೋಣಿಗಳು ಬೆನ್ನಟ್ಟಿದ್ದರಿಂದ ಎಲ್ಲೂ ಕಾಲಿಡಲಿಲ್ಲ. ಆ ಕಡಲಿಗೆ ಇವತ್ತಿಗೂ ಅವನದೇ ಹೆಸರು.

ಮೊದಲು ದುಡ್ಡಿನ ವಾಸನೆ ಬಂದದ್ದು ಶ್ರೀಗಂಧದಿಂದ. ನಮ್ಮ ಮೈಸೂರಿನ ಗಂಧದ ಮರಕ್ಕೆ ದಾಯಾದಿಯಾದ 'ಯಾಸಿ' ಎಂಬ ಮರ ವನುವಾ ಲೆವು ದ್ವೀಪದ ಬುವಾ ಕೊಲ್ಲಿಯ ಸುತ್ತ ಬೆಳೆಯುತ್ತಿತ್ತು. 1800ರ ನಂತರದ ಒಂದು ದಶಕದಲ್ಲಿ ವ್ಯಾಪಾರಿ ಹಡಗುಗಳು ಅದನ್ನು ಕಡಿದು ಚೀನಾಕ್ಕೆ ಸಾಗಿಸಿದವು, 1814ರ ಹೊತ್ತಿಗೆ ಕಡಿಯಲು ಹೆಚ್ಚೇನೂ ಉಳಿದಿರಲಿಲ್ಲ. ಆಮೇಲೆ ಸಮುದ್ರ ಸೌತೆಯ ಸರದಿ. ಗಂಧ ಕೊಳ್ಳಲು, ಸೌತೆ ಒಣಗಿಸಲು ಬಂದವರ ಜತೆಗೆ ಬಂದೂಕುಗಳು ಬಂದವು, ಬಂದೂಕುಗಳಿಂದ ಪಾಳೆಯಗಾರರ ಕಾದಾಟಗಳು ಹೆಚ್ಚಿದವು. ಕೊನೆಗೆ 1874ರ ಅಕ್ಟೋಬರ್ 10ರಂದು ಥಾಕೊಂಬಾವ್ ಮತ್ತು ಇತರ ನಾಯಕರು ಲೆವುಕಾದಲ್ಲಿ ಸಹಿ ಹಾಕಿ ದ್ವೀಪಗಳನ್ನು ಬ್ರಿಟಿಷ್ ರಾಣಿಗೆ ಒಪ್ಪಿಸಿದರು.

ಆ ಸಹಿಯ ಬೆನ್ನಿಗೇ ಒಂದು ದುರಂತ ಬಂತು. ಸಿಡ್ನಿಗೆ ಹೋಗಿದ್ದ ಥಾಕೊಂಬಾವ್ 1875ರ ಜನವರಿಯಲ್ಲಿ ಬ್ರಿಟಿಷ್ ನೌಕೆ 'ಡೈಡೊ'ದಲ್ಲಿ ವಾಪಸಾದ. ಹಡಗಿನಲ್ಲಿ ದಡಾರ ಇತ್ತು. ಅವನನ್ನು ನೋಡಲು ನಾನಾ ದ್ವೀಪಗಳಿಂದ ನಾಯಕರು ಸೇರಿದ್ದರು, ಅವರು ರೋಗವನ್ನು ತಮ್ಮ ತಮ್ಮ ಊರಿಗೆ ಹೊತ್ತೊಯ್ದರು. ಆ ಕಾಯಿಲೆಯನ್ನೇ ಕಂಡಿರದ ಜನ. ಕೆಲವೇ ತಿಂಗಳಲ್ಲಿ ಸುಮಾರು 40 ಸಾವಿರ ಮಂದಿ ಸತ್ತರು. ಇದು ಒಟ್ಟು ಜನಸಂಖ್ಯೆಯ ನಾಲ್ಕನೇ ಒಂದು ಭಾಗಕ್ಕೂ ಹೆಚ್ಚು.

ಇಂಥ ಊರಿಗೆ ಗವರ್ನರ್ ಆಗಿ ಬಂದವನು ಸರ್ ಆರ್ಥರ್ ಗಾರ್ಡನ್. ಅಳಿದುಳಿದ ಮೂಲನಿವಾಸಿಗಳನ್ನು ತೋಟಗಳ ಕೂಲಿಗೆ ದೂಡಿದರೆ ಅವರ ಕುಲವೇ ನಿಲ್ಲುವುದಿಲ್ಲ ಎಂದು ಅವನು ತೀರ್ಮಾನಿಸಿದ. ಅವರ ಜಮೀನನ್ನು ಮಾರುವುದಕ್ಕೆ ತಡೆ ಹಾಕಿದ, ಅವರನ್ನು ಅವರ ಹಳ್ಳಿಗಳಲ್ಲೇ ನಾಯಕರ ಕೈಕೆಳಗೆ ಉಳಿಸಿದ. ಆದರೆ ವಸಾಹತು ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬೇಕಿತ್ತು. ಅದಕ್ಕೆ ತೋಟ ಬೇಕು, ತೋಟಕ್ಕೆ ಆಳು ಬೇಕು. ಗಾರ್ಡನ್ ಇದಕ್ಕೆ ಮುಂಚೆ ಟ್ರಿನಿಡಾಡ್ ಮತ್ತು ಮಾರಿಷಸ್‌ಗಳಲ್ಲಿ ಗವರ್ನರ್ ಆಗಿದ್ದವನು. ಹಿಂದೂಸ್ಥಾನದ ಕೂಲಿಗಳಿಂದ ಕಬ್ಬು ಬೆಳೆಸುವ ವ್ಯವಸ್ಥೆ ಅವನಿಗೆ ಕರತಲಾಮಲಕ. ಒಬ್ಬರನ್ನು ಉಳಿಸಲು ಇನ್ನೊಬ್ಬರನ್ನು ತಂದ. ಫಿಜಿಯ ಮುಂದಿನ ನೂರೈವತ್ತು ವರ್ಷದ ಗಂಟು ಬಿದ್ದದ್ದು ಇಲ್ಲಿ.

ಹಡಗು, ಲೈನು, ಕುಲಂಬರ

'ಲಿಯೊನಿಡಾಸ್' 1879ರ ಮಾರ್ಚ್ ಆರಂಭದಲ್ಲಿ ಕಲ್ಕತ್ತೆಯಿಂದ ಹೊರಟಿತು. ದಾರಿಯಲ್ಲಿ ಕಾಲರಾ, ಸಿಡುಬು. ಸುಮಾರು 500 ಮಂದಿ ಹೊರಟಿದ್ದ ಹಡಗು ಮೇ 14ರಂದು ಲೆವುಕಾ ಮುಟ್ಟಿದಾಗ ಉಳಿದವರು 463. ರೋಗದ ಭಯಕ್ಕೆ ಅವರನ್ನು ಊರೊಳಗೆ ಬಿಡದೆ ಯಾನುಥಾ ಲೈಲೈ ಎಂಬ ಸಣ್ಣ ದ್ವೀಪದಲ್ಲಿ ಇಳಿಸಿದರು. ಫಿಜಿಯಲ್ಲಿ ಭಾರತೀಯರ ಇತಿಹಾಸ ಆರಂಭವಾದದ್ದು ಕ್ವಾರಂಟೈನ್‌ನಲ್ಲಿ.

ಕರಾರು ಐದು ವರ್ಷದ್ದು. ಗಂಡಸಿಗೆ ದಿನಕ್ಕೆ ಒಂದು ಶಿಲ್ಲಿಂಗ್, ಹೆಂಗಸಿಗೆ ಒಂಬತ್ತು ಪೆನ್ನಿ. ಸೋಮವಾರದಿಂದ ಶುಕ್ರವಾರ ದಿನಕ್ಕೆ ಒಂಬತ್ತು ಗಂಟೆ, ಶನಿವಾರ ಐದು ಗಂಟೆ ಕೆಲಸ. ಐದು ವರ್ಷ ಮುಗಿದರೆ ಸ್ವತಂತ್ರ, ಹತ್ತು ವರ್ಷ ಪೂರೈಸಿದರೆ ಸರ್ಕಾರದ ಖರ್ಚಿನಲ್ಲಿ ಊರಿಗೆ ವಾಪಸು. ಕಾಗದದಲ್ಲಿ ಇದು ಅಷ್ಟೇನೂ ಕೆಟ್ಟದ್ದಲ್ಲ. ಆದರೆ ಹೆಚ್ಚಿನ ಕೆಲಸ ಗಂಟೆಯ ಲೆಕ್ಕದಲ್ಲಿ ಇರುತ್ತಿರಲಿಲ್ಲ, 'ಟಾಸ್ಕ್' ಲೆಕ್ಕದಲ್ಲಿ ಇರುತ್ತಿತ್ತು. ಇಷ್ಟು ಸಾಲು ಕಬ್ಬು ಕಳೆ ತೆಗೆಯಬೇಕು ಎಂದು ಮೇಸ್ತ್ರಿ ಗುರುತು ಹಾಕಿಕೊಡುತ್ತಿದ್ದ. ಗಟ್ಟಿ ಆಳು ಮುಗಿಸುವಷ್ಟು ಕೆಲಸವನ್ನು ಎಲ್ಲರಿಗೂ ಹಂಚಿದರೆ ಉಳಿದವರ ಕೂಲಿ ಕತ್ತರಿಸಲು ಅಷ್ಟೇ ಸಾಕು. ಕೆಲಸಕ್ಕೆ ಬಾರದಿದ್ದರೆ ಅದು ನೌಕರಿಯ ತಕರಾರಲ್ಲ, ಕ್ರಿಮಿನಲ್ ಅಪರಾಧ. ದಂಡ, ಇಲ್ಲವೇ ಜೈಲು. ಜೈಲಿನಲ್ಲಿ ಕಳೆದ ದಿನಗಳು ಐದು ವರ್ಷಕ್ಕೆ ಸೇರಿಕೊಳ್ಳುತ್ತಿದ್ದವು.

ವಾಸಕ್ಕೆ 'ಕೂಲಿ ಲೈನು'. ಹತ್ತು ಅಡಿ ಉದ್ದ, ಏಳು ಅಡಿ ಅಗಲದ ಕೋಣೆ. ಅದರಲ್ಲಿ ಮೂವರು ಒಂಟಿ ಗಂಡಸರು, ಅಥವಾ ಮಕ್ಕಳೊಂದಿಗರಾದ ಒಂದು ಸಂಸಾರ. ನಡುವಿನ ಗೋಡೆ ಚಾವಣಿಯವರೆಗೆ ಹೋಗುತ್ತಿರಲಿಲ್ಲವಾಗಿ ಪಕ್ಕದ ಕೋಣೆಯ ಉಸಿರೂ ಕೇಳಬೇಕು. ನೂರು ಗಂಡಸರಿಗೆ ನಲವತ್ತು ಹೆಂಗಸರು ಎಂಬುದು ನಿಯಮ. ಈ ಅಸಮತೋಲದ ಬೆಲೆಯನ್ನು ತೆತ್ತವರು ಹೆಂಗಸರೇ. ಬಿಳಿಯ ಮೇಲ್ವಿಚಾರಕನಿಗೆ ಅವರಿಟ್ಟ ಹೆಸರು 'ಕುಲಂಬರ'. ಆ ಇಡೀ ಬದುಕಿಗೆ ಇಟ್ಟ ಹೆಸರು 'ನರಕ'.

ಇದೆಲ್ಲದರ ಹಿಂದೆ ಇದ್ದದ್ದು ಸಿಡ್ನಿಯ ಕಲೋನಿಯಲ್ ಶುಗರ್ ರಿಫೈನಿಂಗ್ ಕಂಪನಿ. 1882ರಲ್ಲಿ ರೇವಾ ನದಿಯ ದಂಡೆಯ ನೌಸೋರಿಯಲ್ಲಿ ಅದರ ಮೊದಲ ಕಾರ್ಖಾನೆ ಕಬ್ಬು ಅರೆಯಲು ಶುರುಮಾಡಿತು. ಆಮೇಲೆ ಬಾ, ಲಂಬಾಸಾ, 1903ರಲ್ಲಿ ಲೌಟೋಕಾ.

ಅದೇ ದಿಬ್ಬ

ಡೈವಿಂಗ್ ಮಾಡುವವರಿಗೆ ಒಂದು ನಿಯಮವಿದೆ. ನೀರಿನಾಳದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲಿ ಕರಗಿರುತ್ತದೆ, ಅದು ನಿಧಾನವಾಗಿ ಹೊರಹೋಗುವವರೆಗೆ ವಿಮಾನ ಹತ್ತುವಂತಿಲ್ಲ. 18ರಿಂದ 24 ಗಂಟೆ ಕಾಯಬೇಕು. ಬೆಂಗಾ ದ್ವೀಪದ ಎದುರಿನ ಕಡಲಲ್ಲಿ ಬುಲ್ ಶಾರ್ಕ್‌ಗಳನ್ನು ನೋಡಿ ಬಂದ ನಾನು ಟವೇಯುನಿ ದ್ವೀಪಕ್ಕೆ ಹಾರುವ ಮುನ್ನ ಒಂದು ದಿನ ಸುವಾ ನಗರದಲ್ಲಿ ಇರಲೇಬೇಕಾಯಿತು. ಮಾಡಲು ಬೇರೆ ಕೆಲಸವಿಲ್ಲದೆ ವಸ್ತುಸಂಗ್ರಹಾಲಯಕ್ಕೆ ಹೋದೆ. ಅಲ್ಲಿ 'ಬೌಂಟಿ'ಯ ಚುಕ್ಕಾಣಿ ಇದೆ, ದೈತ್ಯ ಜೋಡಿದೋಣಿ ಇದೆ, ಮೇಲಂತಸ್ತಿನಲ್ಲಿ ಗಿರ್ಮಿಟಿಯಾಗಳ ಹಿತ್ತಾಳೆ ಪಾತ್ರೆ, ಆಭರಣ, ಫೋಟೊಗಳಿವೆ. ಅಲ್ಲಿಂದ ನೌಸೋರಿಗೆ ಕರೆದೊಯ್ದ ಹಿರಿಯ ಟ್ಯಾಕ್ಸಿ ಚಾಲಕರು ರೇವಾ ಸೇತುವೆಯ ಬಳಿ ಗಾಡಿ ನಿಲ್ಲಿಸಿ ಒಂದು ಸ್ಮಾರಕ ತೋರಿಸಿದರು. "ಇದನ್ನು ನೋಡಿಕೊಂಡು ಹೋಗಬೇಕು ಬೇಟಾ" ಎಂದರು. 'ಸಿರಿಯಾ' ಹಡಗಿನ ಸ್ಮಾರಕ.

'ಸಿರಿಯಾ' 1884ರ ಮಾರ್ಚ್ 13ರಂದು ಕಲ್ಕತ್ತೆ ಬಿಟ್ಟಿತ್ತು. ಹಾಯಿಹಡಗಿಗೆ ಎರಡು ತಿಂಗಳು ಎಂಬುದು ಬೇಗದ ಪಯಣ. ಹತ್ತಿರ ಹತ್ತಿರ 500 ಮಂದಿ ಕರಾರಿನ ಕೂಲಿಗಳು ಅದರಲ್ಲಿದ್ದರು. ಮೇ 11ರ ರಾತ್ರಿ ಎಂಟೂವರೆಯ ಹೊತ್ತಿಗೆ, ರೇವಾ ನದೀಮುಖದ ಹೊರಗಿನ ನಸಿಲೈ ಹವಳದ ದಿಬ್ಬಕ್ಕೆ ಬಡಿದು ಸಿಕ್ಕಿಕೊಂಡಿತು. ದಡ ಕೆಲವೇ ಮೈಲಿ ದೂರ. ಆದರೆ ನಡುವೆ ಇದ್ದದ್ದು ಮುರಿಯುವ ಅಲೆ ಮತ್ತು ಚಾಕುವಿನಂಥ ಹವಳ.

ದಿಬ್ಬ ಹೇಗೆ ಕೆಲಸ ಮಾಡುತ್ತದೆ ಎಂದು ನೀರಿಗೆ ಇಳಿದವರಿಗೆ ಗೊತ್ತು. ಸಾಗರದ ಅಲೆ ಆಳದಿಂದ ಬರುತ್ತದೆ, ದಿಬ್ಬದ ಗೋಡೆ ಅದನ್ನು ಮೇಲಕ್ಕೆ ಎತ್ತಿ ಒಡೆಯುತ್ತದೆ. ಒಳಗಿನ ಕೊಳ ಕನ್ನಡಿಯಂತೆ ಶಾಂತ. ಪ್ರವಾಸಿಗಳು ಈಜುವುದು ಈ ಒಳಗಿನ ನೀರಿನಲ್ಲಿ. ಹೊರಗೋಡೆಗೆ ಅಪ್ಪಳಿಸುವ ಪ್ರವಾಹದಿಂದಲೇ ಮೃದು ಹವಳಕ್ಕೆ ಊಟ. ನೀರು ಹರಿದಾಗ ಮಾತ್ರ ಅದು ಅರಳಿ, ತೇಲಿಬರುವ ಸೂಕ್ಷ್ಮಜೀವಿಗಳನ್ನು ಹಿಡಿದು ತಿನ್ನುತ್ತದೆ. ನಾವು ದುಡ್ಡು ಕೊಟ್ಟು ನೋಡಹೋಗುವ ಬಣ್ಣಗಳು ಇರುವುದು ಆ ನೀರಿನ ರಭಸದಿಂದ. 'ಸಿರಿಯಾ'ದ ಕಬ್ಬಿಣದ ಒಡಲನ್ನು ಒಡೆದದ್ದೂ ಅದೇ ರಭಸ.

ಸುದ್ದಿ ಸುವಾ ತಲುಪಿದ್ದು ಮರುದಿನ. ವಸಾಹತಿನ ವೈದ್ಯಾಧಿಕಾರಿ ಡಾ. ವಿಲಿಯಂ ಮ್ಯಾಕ್‌ಗ್ರೆಗರ್ ದೋಣಿಗಳೊಂದಿಗೆ ಹೊರಟ. ಅಷ್ಟರಲ್ಲಿ ಹಡಗು ಮಗ್ಗುಲಾಗಿ ಒಡೆಯುತ್ತಿತ್ತು, ಜನ ಅಲೆಯ ನಡುವೆ ಹವಳದ ಮೇಲೆ ತೆವಳುತ್ತಿದ್ದರು. ಹತ್ತಿರದ ಹಳ್ಳಿಗಳ ಫಿಜಿಯನ್ನರು ತಮ್ಮ ದೋಣಿಗಳನ್ನು ತಂದರು. ಒಬ್ಬೊಬ್ಬರನ್ನಾಗಿ ಎಳೆದು ದಡಕ್ಕೆ ಸಾಗಿಸಿದರು. ಆದರೂ 56 ಮಂದಿ ಪ್ರಯಾಣಿಕರು ಮತ್ತು ಮೂವರು ಲಸ್ಕರರು ಸತ್ತರು. ಮ್ಯಾಕ್‌ಗ್ರೆಗರ್‌ಗೆ ಆಮೇಲೆ ಪದಕ ಸಿಕ್ಕಿತು. ಬದುಕುಳಿದವರಿಗೆ ಸಿಕ್ಕಿದ್ದು ಅವರ ಕರಾರು. ಅವರು ಕಬ್ಬಿನ ತೋಟಗಳಿಗೆ ಹೋದರು.

ಮರುದಿನ ನೌಸೋರಿಯಿಂದ ಸಣ್ಣ ವಿಮಾನ ಎದ್ದು ಕಡಲ ಮೇಲೆ ತಿರುಗಿದಾಗ ದೂರದಲ್ಲಿ ಬಿಳಿ ನೊರೆಯ ಗೆರೆ ಕಂಡಿತು. ಪಕ್ಕದ ಸೀಟಿನವರು ಫೋಟೊ ತೆಗೆಯುತ್ತಿದ್ದರು. ನೋಡಲು ಚೆಂದವೇ ಇತ್ತು.

ಮದ್ರಾಜಿಗಳು

ಮೊದಲ ಇಪ್ಪತ್ತನಾಲ್ಕು ವರ್ಷ ಹಡಗುಗಳೆಲ್ಲ ಕಲ್ಕತ್ತೆಯಿಂದಲೇ ಬಂದವು. ಅವಧ, ಭೋಜಪುರ ಸೀಮೆಯ ಜನ. 1903ರಿಂದ ಮದ್ರಾಸಿನ ಹಡಗುಗಳೂ ಸೇರಿದವು. ಒಟ್ಟು ಬಂದವರಲ್ಲಿ ಸುಮಾರು ಕಾಲುಭಾಗ ಈ ದಕ್ಷಿಣದವರು. ಉತ್ತರ ಆರ್ಕಾಟು, ತಂಜಾವೂರು, ಕೃಷ್ಣಾ, ಗೋದಾವರಿ, ವಿಶಾಖಪಟ್ಟಣ, ಮಲಬಾರುಗಳಿಂದ ಬಂದ ತಮಿಳರು, ತೆಲುಗರು, ಮಲಯಾಳಿಗಳು. ಉತ್ತರದವರು ಇವರಿಗೆಲ್ಲ ಸೇರಿಸಿ ಇಟ್ಟ ಹೆಸರು 'ಮದ್ರಾಜಿ'. ಮುಂಬಯಿ, ದೆಹಲಿಗಳಲ್ಲಿ 'ಮದ್ರಾಸಿ' ಎನಿಸಿಕೊಂಡ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ.

ಆ ಹೊತ್ತಿಗೆ ತೋಟಗಳಲ್ಲಿ ಒಂದು ಕಲಸು ಹಿಂದಿ ಹುಟ್ಟಿಕೊಂಡಿತ್ತು. ಅವಧಿ, ಭೋಜಪುರಿಗಳ ಮೇಲೆ ಇಂಗ್ಲಿಷ್ ಮತ್ತು ಫಿಜಿಯನ್ ಪದಗಳ ಒಗ್ಗರಣೆ. ಮೇಸ್ತ್ರಿ ಕೂಗುವುದು ಅದರಲ್ಲಿ, ಅಂಗಡಿಯವನು ಮಾತಾಡುವುದು ಅದರಲ್ಲಿ. ದಕ್ಷಿಣದಿಂದ ಬಂದವರು ಬದುಕಬೇಕಾದರೆ ಅದನ್ನು ಕಲಿಯಲೇಬೇಕಿತ್ತು. ಕಲಿತರು. ಅವರ ಮಕ್ಕಳು ಎರಡು ಭಾಷೆಯವರಾದರು, ಮೊಮ್ಮಕ್ಕಳ ಕಾಲಕ್ಕೆ ಮನೆಮಾತೇ ಫಿಜಿ ಹಿಂದಿಯಾಯಿತು. 1926ರಲ್ಲಿ ನಂದಿಯಲ್ಲಿ ಸಾಧು ಕುಪ್ಪುಸ್ವಾಮಿ ಅವರ ಮುಂದಾಳತ್ವದಲ್ಲಿ 'ತೆನ್ ಇಂಡಿಯಾ ಸನ್ಮಾರ್ಗ ಐಕ್ಯ ಸಂಗಂ' ಹುಟ್ಟಿದ್ದು ಈ ಜಾರುವಿಕೆಯನ್ನು ತಡೆಯಲು. ಸಂಗಂ ಶಾಲೆಗಳನ್ನು ಕಟ್ಟಿತು, ತಮಿಳು-ತೆಲುಗು ಕಲಿಸಲು ನೋಡಿತು. ಶಾಲೆಗಳು ಇವತ್ತಿಗೂ ಇವೆ, ಚೆನ್ನಾಗಿ ನಡೆಯುತ್ತಿವೆ. ಮನೆಮಾತು ಮಾತ್ರ ವಾಪಸು ಬರಲಿಲ್ಲ.

ನಂದಿಯ ಸುಬ್ರಹ್ಮಣ್ಯ ದೇವಸ್ಥಾನದಲ್ಲಿ ನನಗೆ ಇದು ಕಣ್ಣಿಗೆ ಕಟ್ಟಿತು. ಬಣ್ಣ ಬಣ್ಣದ ಗೋಪುರ ಅಪ್ಪಟ ದ್ರಾವಿಡ ಶೈಲಿಯದ್ದು. ಭಕ್ತರ ಅಡ್ಡಹೆಸರು ಗೌಂಡರ್, ನಾಯ್ಡು, ರೆಡ್ಡಿ, ನಾಯರ್, ಪಿಳ್ಳೈ. ಮಾತು ಪೂರ್ತಿ ಹಿಂದಿ. ಪ್ರಸಾದ ಕೊಟ್ಟ ಹೆಂಗಸೊಬ್ಬರು ನನ್ನ ಊರು ಕೇಳಿದರು. ದಕ್ಷಿಣ ಭಾರತ ಎಂದೆ. "ಹಾಗಾದರೆ ನಮ್ಮವರೇ" ಎಂದರು, ಹಿಂದಿಯಲ್ಲಿ. ಪುಣೆಯಲ್ಲಿ ಹುಟ್ಟಿದ ನನ್ನ ಮಗಳು ಅಜ್ಜಿಯ ಫೋನ್ ಬಂದರೆ "ಊಟ ಆಯ್ತಾ" ಎಂಬ ಒಂದು ವಾಕ್ಯದ ನಂತರ ಮರಾಠಿ-ಹಿಂದಿ-ಇಂಗ್ಲಿಷಿಗೆ ಹೊರಳುತ್ತಾಳೆ. ಸಂಗಂ ಶಾಲೆ ಕಟ್ಟಲು ಬೇಕಾದಷ್ಟು ದುಡ್ಡು ಮತ್ತು ಹಟ ಎರಡೂ ಇದ್ದ ಜನರಿಗೆ ಮೂರು ತಲೆಮಾರಿನ ಆಚೆಗೆ ಭಾಷೆಯನ್ನು ದಾಟಿಸಲಾಗಲಿಲ್ಲ. ವಾರಕ್ಕೊಮ್ಮೆ ಕನ್ನಡ ಕಲಿ ತರಗತಿ ನಡೆಸುವ ನಮ್ಮ ಸಂಘಗಳು ಈ ಅನುಭವವನ್ನು ಓದಿಕೊಳ್ಳುವುದು ಒಳ್ಳೆಯದು.

ಉಳಿದದ್ದು ಆಚರಣೆ. ಸುವಾದ ಮಾರಿಯಮ್ಮನ ಗುಡಿಯಲ್ಲಿ ವರ್ಷಕ್ಕೊಮ್ಮೆ ಅರಿಸಿನ ಬಟ್ಟೆ ಉಟ್ಟವರು ಕೆಂಡ ಹಾಯುತ್ತಾರೆ. ನಮ್ಮ ಚಾಮರಾಜನಗರ, ಮಂಡ್ಯದ ಕಡೆಯ ಕೊಂಡೋತ್ಸವ ನೋಡಿದವರಿಗೆ ಇದು ಅಪರಿಚಿತವಲ್ಲ. ವಿಶೇಷವೆಂದರೆ, ನಾನು ಡೈವ್ ಮಾಡಿದ ಬೆಂಗಾ ದ್ವೀಪದ ಸಾವಾವ್ ಕುಲದವರೂ ಬೆಂಕಿ ಹಾಯುವವರೇ. ಅವರು ಹಾಯುವುದು ಕೆಂಡವನ್ನಲ್ಲ, ಹೊಂಡದಲ್ಲಿ ಕಾಯಿಸಿದ ಕಲ್ಲುಗಳನ್ನು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಆಚರಣೆಗಳು ಒಂದೇ ಕಡಲಿನ ಎರಡು ದಡದಲ್ಲಿ ನೂರು ವರ್ಷದಿಂದ ನಡೆಯುತ್ತಿವೆ.

ಕರಾರು ಕೊನೆಗೊಂಡದ್ದು

ಗಿರ್ಮಿಟ್ ತಾನಾಗಿ ನಿಲ್ಲಲಿಲ್ಲ. ಫಿರೋಜಾಬಾದ್ ಬಳಿಯ ಹಳ್ಳಿಯ ತೋತಾರಾಮ್ ಸನಾಢ್ಯ 1893ರಲ್ಲಿ ಏಜೆಂಟರ ಮಾತಿಗೆ ಮರುಳಾಗಿ ಹಡಗು ಹತ್ತಿದವರು. 21 ವರ್ಷ ಫಿಜಿಯಲ್ಲಿದ್ದು 1914ರಲ್ಲಿ ವಾಪಸು ಬಂದು ತಮ್ಮ ಅನುಭವ ಹೇಳಿದರು, ಬನಾರಸಿದಾಸ್ ಚತುರ್ವೇದಿ ಅದನ್ನು ಬರೆದುಕೊಂಡರು. ಹಿಂದಿಯ ಆ ಪುಸ್ತಕ ಹಲವು ಭಾಷೆಗಳಿಗೆ ಹೋಯಿತು, ಊರೂರಿನಲ್ಲಿ ಓದಿಸಲ್ಪಟ್ಟಿತು.

ಅದಕ್ಕೂ ಮುಂಚೆ, 1913ರ ಏಪ್ರಿಲ್‌ನಲ್ಲಿ, ರೇವಾ ಸೀಮೆಯ ತೋಟವೊಂದರಲ್ಲಿ ಕುಂತಿ ಎಂಬ ಹೆಂಗಸನ್ನು ಮೇಲ್ವಿಚಾರಕ ಬೇಕೆಂದೇ ಒಂಟಿಯಾಗಿ ದೂರದ ಬಾಳೆತೋಟಕ್ಕೆ ಕೆಲಸಕ್ಕೆ ಹಚ್ಚಿದ. ಅವನ ಕೈಯಿಂದ ಬಿಡಿಸಿಕೊಂಡು ಆಕೆ ನದಿಗೆ ಹಾರಿದಳು. ದೋಣಿಯಲ್ಲಿದ್ದ ಹುಡುಗನೊಬ್ಬ ಆಕೆಯನ್ನು ಎತ್ತಿಕೊಂಡ. ಕುಂತಿಯ ಹೇಳಿಕೆ ಕಲ್ಕತ್ತೆಯ 'ಭಾರತ ಮಿತ್ರ' ಪತ್ರಿಕೆಯಲ್ಲಿ ಅಚ್ಚಾಯಿತು. ಗೋಖಲೆಯವರು 1912ರಲ್ಲೇ ಶಾಸನಸಭೆಯಲ್ಲಿ ಎತ್ತಿದ್ದ ಪ್ರಶ್ನೆಗೆ ಈಗ ಒಂದು ಮುಖ, ಒಂದು ಹೆಸರು ಸಿಕ್ಕಿತು. ಸಿ.ಎಫ್. ಆಂಡ್ರೂಸ್ ಮತ್ತು ಪಿಯರ್ಸನ್ 1915ರಲ್ಲಿ ಫಿಜಿಗೆ ಹೋಗಿ ನೋಡಿ ವರದಿ ಬರೆದರು. 1916ರಲ್ಲಿ ಮಾಳವೀಯರ ಠರಾವನ್ನು ವೈಸರಾಯ್ ಹಾರ್ಡಿಂಜ್ ಒಪ್ಪಿದ. ಆ ವರ್ಷದ ನವೆಂಬರ್‌ನಲ್ಲಿ ಬಂದ 'ಸಟ್ಲೆಜ್' ಕೊನೆಯ ಹಡಗು. 1920ರ ಜನವರಿ 1ರಂದು ಉಳಿದ ಕರಾರುಗಳನ್ನೂ ರದ್ದು ಮಾಡಿದರು.

ಹೆಚ್ಚಿನವರು ಊರಿಗೆ ಮರಳಲಿಲ್ಲ. ಹಡಗಿನಲ್ಲಿ ಜಾತಿ ಮುರಿದಿತ್ತು, ಊರಿನಲ್ಲಿ ಜಮೀನು ಉಳಿದಿರಲಿಲ್ಲ, ಜತೆಗೆ ಬಂದ 'ಜಹಾಜಿ ಭಾಯಿ'ಗಳೇ ಬಂಧುಗಳಾಗಿದ್ದರು. ಗೇಣಿಗೆ ಹತ್ತು ಎಕರೆ ಹಿಡಿದು ಕಬ್ಬು ಹಾಕಿದರು.

ನೆಲ ಯಾರದು

ಗೇಣಿಗೆ ಎಂಬುದನ್ನು ಗಮನಿಸಬೇಕು. ಗಾರ್ಡನ್ ಹಾಕಿದ ತಡೆ ಮುಂದುವರಿಯಿತು. ಫಿಜಿಯ ಶೇ. 80ಕ್ಕೂ ಹೆಚ್ಚು ನೆಲ ಇವತ್ತಿಗೂ ಮೂಲನಿವಾಸಿ ಕುಲಗಳದ್ದು, ಮಾರುವಂತಿಲ್ಲ. 1940ರಲ್ಲಿ ರಾತು ಸುಕುನಾ ಅವರ ಪ್ರಯತ್ನದಿಂದ ಅದರ ಗುತ್ತಿಗೆ ನೋಡಿಕೊಳ್ಳಲು ಒಂದು ಮಂಡಳಿಯೂ ಬಂತು. 1976ರ ಕಾನೂನು ಕೃಷಿ ಗುತ್ತಿಗೆಗೆ 30 ವರ್ಷದ ಅವಧಿ ಕೊಟ್ಟಿತು. 1997ರಿಂದ ಅವು ಒಂದೊಂದಾಗಿ ಮುಗಿಯತೊಡಗಿದವು. ನವೀಕರಣವಾಗದ ಕಡೆ ಮೂರು ತಲೆಮಾರು ಉತ್ತವರು ಮನೆ ಕಳಚಿಕೊಂಡು ಸುವಾ ಸುತ್ತಲಿನ ಕೊಳೆಗೇರಿಗಳಿಗೆ ಬಂದರು.

ಇದನ್ನು ಒಂದೇ ಕಡೆಯಿಂದ ನೋಡುವುದು ಸುಲಭ. ನಮ್ಮವರ ಕಡೆಯಿಂದ ನೋಡುವುದು ಇನ್ನೂ ಸುಲಭ. ಆದರೆ 1946ರ ಜನಗಣತಿಯಲ್ಲಿ ಭಾರತೀಯರು ಸುಮಾರು 1.20 ಲಕ್ಷ, ಮೂಲನಿವಾಸಿಗಳು ಸುಮಾರು 1.18 ಲಕ್ಷ. ದಡಾರದಲ್ಲಿ ಅಷ್ಟು ಜನರನ್ನು ಕಳೆದುಕೊಂಡು, ತಮ್ಮನ್ನು ಯಾರೂ ಕೇಳದೆ ಕರೆತಂದವರ ಮುಂದೆ ತಮ್ಮ ನೆಲದಲ್ಲೇ ಅಲ್ಪಸಂಖ್ಯಾತರಾದ ಜನ ಅವರು. ಹವಾಯಿಯಲ್ಲಿ, ನ್ಯೂಜಿಲೆಂಡಿನಲ್ಲಿ ನೆಲ ಕಳೆದುಕೊಂಡವರ ಗತಿ ಅವರ ಕಣ್ಣ ಮುಂದಿತ್ತು. ಜಮೀನನ್ನು ಬಿಗಿಯಾಗಿ ಹಿಡಿದುಕೊಂಡದ್ದಕ್ಕೆ ಅವರನ್ನು ದೂರಲು ನನಗೆ ಬಾಯಿ ಬರುವುದಿಲ್ಲ.

ದೂರಬೇಕಾದ್ದು ಬೇರೆಯದನ್ನು. 1987ರಲ್ಲಿ ಭಾರತೀಯ ಮೂಲದವರಿಗೆ ಹೆಚ್ಚು ಸ್ಥಾನವಿದ್ದ ಸರ್ಕಾರ ಬಂದು ಒಂದು ತಿಂಗಳಾಗಿತ್ತು. ಮೇ 14ರಂದು ಲೆಫ್ಟಿನೆಂಟ್ ಕರ್ನಲ್ ಸಿತಿವೇನಿ ರಂಬುಕಾ ಸೈನಿಕರೊಂದಿಗೆ ಸಂಸತ್ತಿಗೆ ನುಗ್ಗಿ ಅದನ್ನು ಕಿತ್ತೆಸೆದ. 'ಲಿಯೊನಿಡಾಸ್' ಬಂದು ಆ ದಿನಕ್ಕೆ ಸರಿಯಾಗಿ 108 ವರ್ಷ. 2000ದಲ್ಲಿ ಮೊದಲ ಭಾರತೀಯ ಮೂಲದ ಪ್ರಧಾನಿ ಮಹೇಂದ್ರ ಚೌಧರಿಯನ್ನು 56 ದಿನ ಒತ್ತೆ ಇರಿಸಿಕೊಂಡರು. ಪ್ರತಿ ದಂಗೆಯ ನಂತರವೂ ಡಾಕ್ಟರು, ಮೇಷ್ಟ್ರು, ಅಕೌಂಟೆಂಟರು ಸಿಡ್ನಿ, ಆಕ್ಲೆಂಡ್‌ಗಳಿಗೆ ಗಂಟುಮೂಟೆ ಕಟ್ಟಿದರು. ಒಮ್ಮೆ ಅರ್ಧಕ್ಕೂ ಹೆಚ್ಚಿದ್ದವರು 2007ರ ಗಣತಿಯಲ್ಲಿ ಶೇ. 37.5ಕ್ಕೆ ಇಳಿದಿದ್ದರು.

1960ರ ದಶಕದ ಮುಂಬಯಿಯಲ್ಲಿ 'ಈ ಊರು ಯಾರದು' ಎಂಬ ಘೋಷಣೆ ಎದ್ದಾಗ ಉಡುಪಿ ಹೋಟೆಲುಗಳ ಗಾಜು ಒಡೆದದ್ದನ್ನು ನೋಡಿದ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಬೆಂಗಳೂರಿನಲ್ಲಿ ಅದೇ ಘೋಷಣೆಯನ್ನು ನಾವು ಕೂಗುವುದನ್ನೂ ಕೇಳಿದ್ದೇವೆ. ಗಿರ್ಮಿಟಿಯಾಗಳಿಗೂ ನಮಗೂ ಹೋಲಿಕೆ ಹೆಚ್ಚು ಎಳೆಯಬಾರದು. ನಾವು ಕಂಪನಿಯ ಆಫರ್ ಲೆಟರ್ ಓದಿ ಸಹಿ ಹಾಕಿದವರು, ಬೇಡವೆಂದರೆ ರಾತ್ರಿ ಬಸ್ಸಿಗೆ ಊರು ಸೇರುವವರು. ಆದರೂ, ಬಂದವರ ಹಕ್ಕು ಮತ್ತು ಇದ್ದವರ ಭಯ ಎರಡನ್ನೂ ಒಟ್ಟಿಗೆ ಹಿಡಿಯುವುದು ಎಷ್ಟು ಕಷ್ಟ ಎಂಬುದಕ್ಕೆ ಫಿಜಿಗಿಂತ ಸ್ಪಷ್ಟವಾದ ಪಾಠ ನನಗೆ ಗೊತ್ತಿಲ್ಲ.

ಈಗಿನ ಕಡಲತೀರ

ಸಕ್ಕರೆಯ ಕಾಲ ಮುಗಿಯುತ್ತ ಬಂದಿದೆ. ಸಿಡ್ನಿಯ ಕಂಪನಿ 1973ರಲ್ಲಿ ಕೈತೊಳೆದುಕೊಂಡಿತು, ಯುರೋಪ್ ಕೊಡುತ್ತಿದ್ದ ವಿಶೇಷ ಬೆಲೆಯೂ ಹೋಯಿತು. ಈಗ ದೇಶ ನಡೆಯುವುದು ಪ್ರವಾಸಿಗಳಿಂದ. 2019ರಲ್ಲಿ ಸುಮಾರು 9 ಲಕ್ಷ ಮಂದಿ ಬಂದಿದ್ದರು, ಅದು ದೇಶದ ಜನಸಂಖ್ಯೆಗೆ ಸರಿಸಮ. ಸಿಂಗಾಟೋಕಾ ಕಡೆಯ ತೀರದಲ್ಲಿ ಕಬ್ಬು ಸಾಗಿಸುತ್ತಿದ್ದ ಸಣ್ಣ ಹಳಿಗಳ ಮೇಲೆ ಈಗ ಪ್ರವಾಸಿಗಳು ಪೆಡಲ್ ಗಾಡಿ ಓಡಿಸುತ್ತಾರೆ.

ಕಡಲಿಗೂ ಒಡೆಯರಿದ್ದಾರೆ. ತೀರದಿಂದ ದಿಬ್ಬದವರೆಗಿನ ನೀರಿನಲ್ಲಿ ಮೀನು ಹಿಡಿಯುವ ಪಾರಂಪರಿಕ ಹಕ್ಕು ಆಯಾ ಹಳ್ಳಿಗಳದ್ದು, ಅದಕ್ಕೆ 'ಗೊಲಿಂಗೊಲಿ' ಎನ್ನುತ್ತಾರೆ. ಬೆಂಗಾ ಎದುರಿನ ಶಾರ್ಕ್ ದಿಬ್ಬದಲ್ಲಿ 2004ರಿಂದ ಹಳ್ಳಿಯವರು ಮೀನುಗಾರಿಕೆ ಬಿಟ್ಟುಕೊಟ್ಟಿದ್ದಾರೆ, ಬದಲಿಗೆ ಪ್ರತಿ ಡೈವರ್ ಕೊಡುವ ಶುಲ್ಕ ಅವರಿಗೆ ಸೇರುತ್ತದೆ. ನಾನು ಕೊಟ್ಟ ದುಡ್ಡಿನ ಒಂದು ಪಾಲು ಎಲ್ಲಿ ಹೋಗುತ್ತದೆಂದು ಗೊತ್ತಿದ್ದ ಅಪರೂಪದ ಪ್ರವಾಸ ಅದು. ಆದರೆ ದಿಬ್ಬವೂ ಮೊದಲಿನಂತಿಲ್ಲ. 2016ರ ಫೆಬ್ರವರಿಯಲ್ಲಿ ವಿನ್‌ಸ್ಟನ್ ಚಂಡಮಾರುತ 44 ಜನರನ್ನು ಕೊಂದು, ಹವಳಗಳನ್ನೂ ಪುಡಿಮಾಡಿತು. ಏರುವ ಕಡಲಿಗೆ ಹೆದರಿ ವುನಿಂದೊಂಗೊಲೊವಾ ಎಂಬ ಹಳ್ಳಿ 2014ರಲ್ಲಿ ಇಡಿಯಾಗಿ ಒಳನಾಡಿಗೆ ಸರಿಯಿತು. ನೆಲ ಬಿಡದವರೂ ಈಗ ಜಾಗ ಬದಲಿಸುತ್ತಿದ್ದಾರೆ.

2010ರಲ್ಲಿ ಸರ್ಕಾರ ಎಲ್ಲ ನಾಗರಿಕರನ್ನೂ 'ಫಿಜಿಯನ್' ಎಂದು ಕರೆಯಲು ತೀರ್ಮಾನಿಸಿತು. ಮೂಲನಿವಾಸಿಗಳಿಗೆ 'ಇತೌಕೇಯಿ' ಎಂಬ ಹೆಸರು. ಅಷ್ಟರವರೆಗೆ, ಅಲ್ಲೇ ಹುಟ್ಟಿ ಸತ್ತ ನಾಲ್ಕು ತಲೆಮಾರಿನವರಿಗೆ ಆ ಪದ ಸಲ್ಲುತ್ತಿರಲಿಲ್ಲ. 2023ರಲ್ಲಿ ಮೇ 14ರ ಗಿರ್ಮಿಟ್ ದಿನಕ್ಕೆ ಮೊದಲ ಬಾರಿ ರಾಷ್ಟ್ರೀಯ ರಜೆ ಸಿಕ್ಕಿತು. ಆ ಹೊತ್ತಿಗೆ ಚುನಾವಣೆಯಲ್ಲಿ ಗೆದ್ದು ಪ್ರಧಾನಿಯಾಗಿದ್ದವರು ಅದೇ ರಂಬುಕಾ. 1987ರ ದಂಗೆಗೆ ಅವರು ಆ ದಿನ ಎಲ್ಲರ ಮುಂದೆ ಕ್ಷಮೆ ಕೇಳಿದರು. ಕ್ಷಮಿಸಿದವರೂ ಇದ್ದಾರೆ, ತಡವಾಯಿತು ಎಂದವರೂ ಇದ್ದಾರೆ.

ಫಿಜಿಗೆ ಹೋಗುವವರು ಹೋಗಿ. ರೇನ್‌ಬೋ ದಿಬ್ಬದ ಬಿಳಿಗೋಡೆಯಂಥದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಒಂದು ದಿನ ಮಾತ್ರ ಸುವಾಕ್ಕೆ ಇಟ್ಟುಕೊಳ್ಳಿ. ಅಲ್ಲಿನ ರಾಷ್ಟ್ರೀಯ ದಾಖಲೆಗಾರದಲ್ಲಿ ಗಿರ್ಮಿಟಿಯಾಗಳ ವಲಸೆ ಪಾಸುಗಳಿವೆ. ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಎತ್ತರ, ಮೈಮೇಲಿನ ಗುರುತು, ಜಿಲ್ಲೆ, ಹಳ್ಳಿ. ಕೂಲಿ ಓಡಿಹೋದರೆ ಹಿಡಿಯಲೆಂದು ಸರ್ಕಾರ ಬರೆದಿಟ್ಟ ಗುರುತುಗಳು ಅವು. ಈಗ ಸಿಡ್ನಿಯಿಂದ, ವ್ಯಾಂಕೂವರ್‌ನಿಂದ ಮರಿಮಕ್ಕಳು ಅದರ ನಕಲು ತರಿಸಿಕೊಂಡು, ಹಳ್ಳಿಯ ಹೆಸರಿನ ತಪ್ಪು ಕಾಗುಣಿತವನ್ನು ಬಿಡಿಸಿಕೊಳ್ಳುತ್ತ, ತಮಿಳುನಾಡಿನ, ಆಂಧ್ರದ, ಉತ್ತರ ಪ್ರದೇಶದ ಊರುಗಳಲ್ಲಿ ಬಾಗಿಲು ತಟ್ಟುತ್ತಾರೆ. ಕೆಲವರಿಗೆ ಮನೆ ಸಿಗುತ್ತದೆ. ಆಡುವ ಭಾಷೆ ಸಿಗದೆ ಎರಡೂ ಕಡೆಯವರು ಕೈ ಹಿಡಿದುಕೊಂಡು ಕೂರುತ್ತಾರೆ.